ಮಸ್ಟಾಂಗ್, ಆಡಿ ಟಿಟಿ: ಕರಾವಳಿಯ ರಸ್ತೆಗೆ ಯಾವುದು ಸೂಕ್ತ?

ಕುಂದಾಪುರ: ಅಮೆರಿಕದ 'ಮಸಲ್ ಕಾರು' ಪರಂಪರೆಯ ಫೋರ್ಡ್ ಮಸ್ಟಾಂಗ್ 1964ರಲ್ಲಿ ರಸ್ತೆಗಿಳಿದರೂ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರಲ್ಲಿ, ಸುಮಾರು 65 ಲಕ್ಷ ರೂ. ಬೆಲೆಗೆ. ಅದರ ಹಿಂದಿನ ವರ್ಷ ಜರ್ಮನಿಯ ಐಷಾರಾಮಿ ಕೂಪೆ ಆಡಿ ಟಿಟಿಯ ಮೂರನೆಯ ತಲೆಮಾರು 60 ಲಕ್ಷದ ಆಸುಪಾಸಿಗೆ ಬಿಡುಗಡೆಯಾಗಿತ್ತು. ಬೆಲೆ ಹತ್ತಿರ, ಸ್ವಭಾವ ಬಹುದೂರ.

ಮಸ್ಟಾಂಗಿನ 5 ಲೀಟರ್ ವಿ8 ಎಂಜಿನ್ನಿನ ಸುಮಾರು 400 ಅಶ್ವಶಕ್ತಿ ಪೂರ್ತಿಯಾಗಿ ಹಿಂಬದಿಯ ಎರಡು ಚಕ್ರಗಳಿಗೇ ಸಲ್ಲುತ್ತದೆ. ಟಿಟಿಯದು 2 ಲೀಟರ್ ಟರ್ಬೊ ಎಂಜಿನ್, 230 ಅಶ್ವಶಕ್ತಿ. ಆದರೆ 'ಕ್ವಾಟ್ರೊ' ವ್ಯವಸ್ಥೆ ಅದನ್ನು ಅಗತ್ಯಕ್ಕೆ ತಕ್ಕಂತೆ ನಾಲ್ಕೂ ಚಕ್ರಗಳಿಗೆ ಹಂಚುತ್ತದೆ.

ಬ್ರಹ್ಮಾವರದಿಂದ ಬೈಂದೂರಿನವರೆಗಿನ ಚತುಷ್ಪಥ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಬೇಸಿಗೆಯಲ್ಲಿ, ಮಸ್ಟಾಂಗಿನ ಗುಡುಗಿಗೆ ಸಾಟಿಯಿಲ್ಲ. ಜೂನ್ ಬಂತೆಂದರೆ ಲೆಕ್ಕ ಬೇರೆ. ಮರವಂತೆಯ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರನ್ನು ಥಟ್ಟನೆ ಒತ್ತಿದರೆ ಹಿಂಚಕ್ರಗಳು ಹಿಡಿತ ಕಳೆದುಕೊಳ್ಳುವ ಸಂಭವವಿದೆ. ಎಲೆಕ್ಟ್ರಾನಿಕ್ ನಿಯಂತ್ರಣ ಅದನ್ನು ತಡೆಯುವುದು ಒಂದು ಮಿತಿಯವರೆಗೆ ಮಾತ್ರ. ಕೊಲ್ಲೂರು ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಟಿಟಿಗಿಂತ 60 ಸೆಂ.ಮೀ. ಉದ್ದವಿರುವ ಮಸ್ಟಾಂಗಿಗೆ ದಾರಿ ಇನ್ನೂ ಕಿರಿದೆನಿಸುತ್ತದೆ.

ಯುರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಟಿಟಿ 2015ರಲ್ಲಿ 4 ತಾರೆ ಗಳಿಸಿತ್ತು. ಮಸ್ಟಾಂಗಿಗೆ 2017ರಲ್ಲಿ ದೊರೆತದ್ದು 2; ಸುಧಾರಿತ ಮಾದರಿಗೆ ಅದೇ ವರ್ಷ 3. ಮಳೆನಾಡಿನ ಕುಟುಂಬಕ್ಕೆ ಅಶ್ವಶಕ್ತಿಗಿಂತ ಈ ಅಂಕಿಯೇ ಮುಖ್ಯವಾಗಬೇಕು.

ಬಿಎಸ್-6 ನಿಯಮ ಬಂದ 2020ರಲ್ಲಿ ಮಸ್ಟಾಂಗ್ ಭಾರತದ ಮಾರುಕಟ್ಟೆಯಿಂದ ಹೊರನಡೆಯಿತು. ಟಿಟಿಯ ಉತ್ಪಾದನೆಯೇ 2023ರಲ್ಲಿ ನಿಂತಿತು. ಈಗ ಇವು ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಕಡಲ ಉಪ್ಪುಗಾಳಿ ತಾಗಿದ ಕಾರಾದರೆ ಖರೀದಿಗೆ ಮುನ್ನ ಜ್ಯಾಕ್ ಏರಿಸಿ ಅಡಿಭಾಗದ ತುಕ್ಕನ್ನೂ, ಹಂಪುಗಳಿಗೆ ಉಜ್ಜಿದ ಗುರುತನ್ನೂ ನೋಡಿಸಿಕೊಳ್ಳುವುದು ಒಳಿತು.