ಮಲ್ಪೆಯ ಟಗ್‌ಗಳು ಮತ್ತು ಸುರಕ್ಷತೆಯ ಬೆಲೆ

ದೊಡ್ಡ ಹಡಗನ್ನು ಬಂದರಿಗೆ ಎಳೆದು ತರುವ ಟಗ್‌ಗೆ ಎಳೆಯುವ ಹಗ್ಗವೇ ದೊಡ್ಡ ಅಪಾಯ. ಹಗ್ಗ ಪಕ್ಕಕ್ಕೆ ಜಗ್ಗಿದರೆ ಟಗ್ ಕ್ಷಣಗಳಲ್ಲಿ ಮಗುಚಬಹುದು. ಎಂಜಿನ್ನಿನ ಬಲ ಹೆಚ್ಚಿದಂತೆ ಒಡಲಿನ ಅಗಲ, ಹಗ್ಗ ಕಟ್ಟುವ ಜಾಗದ ಎತ್ತರ, ತುರ್ತಿನಲ್ಲಿ ಅದನ್ನು ಕಳಚುವ ವ್ಯವಸ್ಥೆ ಇವೆಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇದಕ್ಕೆಂದೇ ಶಿಫಾರಸು ಮಾಡಿದ ಸ್ಥಿರತೆಯ ಮಾನದಂಡಗಳು 2020ರಿಂದ ಅನ್ವಯಿಸಿದವು. ಇವು ಸಣ್ಣ ಹಡಗುಕಟ್ಟೆಗಳಿಗೆ ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ರತಿ ಟಗ್‌ಗೂ ಬೇರೆ ನಕ್ಷೆ, ಬೇರೆ ಪರಿಶೀಲನೆ ಎಂದರೆ ದುಬಾರಿಯೇ. ಆದರೆ ಮಲ್ಪೆಯಲ್ಲಿ ಉತ್ತರವಿದೆ. ಅಲ್ಲಿನ ತೆಬ್ಮಾ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೊಸ ಹೆಸರಿನಲ್ಲಿ ಅದು ಕೇಂದ್ರ ಸರ್ಕಾರ ಒಪ್ಪಿದ ಪ್ರಮಾಣಿತ ವಿನ್ಯಾಸದಂತೆ 62 ಟನ್ ಎಳೆತದ ಟಗ್‌ಗಳನ್ನು ಕಟ್ಟಿತು. ಒಪ್ಪಿಗೆ ಪಡೆದ ಒಂದೇ ನಕ್ಷೆ ಮತ್ತೆ ಮತ್ತೆ ಬಳಕೆಯಾದರೆ ಖರ್ಚು ಹಂಚಿಹೋಗುತ್ತದೆ, ಕೆಲಸಗಾರರ ಕೈ ಪಳಗುತ್ತದೆ. ನಿಯಮ ಸಡಿಲಿಸದೆಯೂ ಉದ್ಯಮ ಬೆಳೆಯಬಲ್ಲದು.