ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆ (ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ)

ಯಾವ ತೊಂದರೆಯೂ ಇಲ್ಲದ ವಯಸ್ಕರಲ್ಲಿ ದೊಡ್ಡಕರುಳು ಹಾಗೂ ಗುದನಾಳದ ಕ್ಯಾನ್ಸರನ್ನು, ಅಥವಾ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್ ಎಂಬ ಗಂಟನ್ನು, ನಿಯತವಾಗಿ ಹುಡುಕುವ ಕ್ರಮ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಸಾರ್ವತ್ರಿಕ ಕಾರ್ಯಕ್ರಮವಾಗಿ ಬಂದಿಲ್ಲ. ಆದ್ದರಿಂದ ಇಲ್ಲಿನ ಚರಿತ್ರೆ ಬಹುಮಟ್ಟಿಗೆ ರಕ್ತ ಕಂಡ ಮೇಲೆ ಆಸ್ಪತ್ರೆ ಹುಡುಕಿದವರ ಚರಿತ್ರೆ.

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆ ಮಾಡುವ ಗ್ವಾಯಕ್ ರಾಸಾಯನಿಕದ ಬಳಕೆ 19ನೇ ಶತಮಾನದ್ದು. ಅಮೆರಿಕದ ವೈದ್ಯ ಡೇವಿಡ್ ಗ್ರೀಗರ್ 1967ರಲ್ಲಿ ಅದನ್ನು ರೋಗಿಗಳು ಮನೆಯಲ್ಲೇ ಮಾದರಿ ಹಚ್ಚಿ ಕೊಡುವ ಪರೀಕ್ಷೆಯಾಗಿಸಿದರು. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಹೊಟ್ಟೆ ಕೊಯ್ಯದೆ, ಗುದದ್ವಾರದಿಂದ ಕೊಳವೆ ತೂರಿಸಿ ಕರುಳನ್ನು ಒಳಗಿನಿಂದ ನೋಡುವ ಕೊಲೊನೊಸ್ಕೋಪಿಯ ಮೂಲಕವೇ ಪಾಲಿಪ್ ಕತ್ತರಿಸಿ ತೆಗೆದರು. ಕ್ಯಾನ್ಸರ್ ಆಗುವ ಮುನ್ನವೇ ಅದರ ಬೇರು ಕೀಳಬಹುದೆಂದು ಗೊತ್ತಾದದ್ದು ಹೀಗೆ. ಗಂಟು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುವುದರಿಂದ ಕಾಲಾವಕಾಶವೂ ಇದೆ. 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಮಿನ್ನೆಸೋಟ ಅಧ್ಯಯನ 1993ರಲ್ಲಿ ಹೊರಬಂತು: ಪ್ರತಿವರ್ಷ ಮಲಪರೀಕ್ಷೆ ಮಾಡಿಸಿಕೊಂಡವರಲ್ಲಿ ಈ ರೋಗದ ಸಾವು ಮೂರನೇ ಒಂದು ಭಾಗ ಇಳಿದಿತ್ತು. ಜಪಾನ್ ಆ ಹೊತ್ತಿಗಾಗಲೇ, 1992ರಿಂದ, 40 ದಾಟಿದವರಿಗೆ ಮಾನವ ರಕ್ತವನ್ನಷ್ಟೇ ಗುರುತಿಸುವ ಫಿಟ್ ಪರೀಕ್ಷೆ ಆರಂಭಿಸಿತ್ತು.

ಭಾರತದ ದಾರಿ ಬೇರೆಯಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಶುರುವಾಯಿತು. 1982ರಿಂದ ಅಲ್ಲಿ ನಡೆದ ಕ್ಯಾನ್ಸರ್ ನೋಂದಣಿಯಲ್ಲಿ ಬಾಯಿ, ಗರ್ಭಕೊರಳು, ಸ್ತನದ ಕ್ಯಾನ್ಸರಿನ ಮುಂದೆ ಕರುಳಿನದು ಚಿಕ್ಕದಾಗಿ ಕಂಡಿತು. 2016ರ ರಾಷ್ಟ್ರೀಯ ಮಾರ್ಗಸೂಚಿಯೂ 30 ದಾಟಿದವರ ತಪಾಸಣೆಗೆ ಆ ಮೂರನ್ನೇ ಆರಿಸಿತು. ಹಾಗಾಗಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿಪಿ, ಶುಗರ್ ಕೇಳುವ ಪಟ್ಟಿಯಲ್ಲಿ ಕರುಳಿಗೆ ಜಾಗವಿಲ್ಲ. ಹಣ ಕಡಿಮೆ ಇರುವಲ್ಲಿ ಈ ಆಯ್ಕೆ ಅಂದಿಗೆ ತಪ್ಪೆನ್ನಲಾಗದು. ಆದರೆ ಈಗ ದೇಶದಲ್ಲಿ ವರ್ಷಕ್ಕೆ ಸುಮಾರು 65ರಿಂದ 70 ಸಾವಿರ ಮಂದಿಗೆ ಹೊಸದಾಗಿ ಕರುಳಿನ ಕ್ಯಾನ್ಸರ್ ಬರುತ್ತದೆಂಬ ಅಂದಾಜಿದೆ. ಮುಂಬೈನ ಟಾಟಾ ಆಸ್ಪತ್ರೆಯ ಒಂದು ಲೆಕ್ಕದಲ್ಲಿ ರೋಗಿಗಳ ಸರಾಸರಿ ವಯಸ್ಸು 47ರ ಆಸುಪಾಸು, ಅಂದರೆ ದುಡಿಯುವ ವಯಸ್ಸು.

ಮಲಪ್ರಭೆಯ ಈ ಸೀಮೆಯಲ್ಲಿ ತಡವಾಗುವುದಕ್ಕೆ ದೊಡ್ಡ ಕಾರಣ ಮೂಲವ್ಯಾಧಿ. ಸಂಡಾಸಿನಲ್ಲಿ ರಕ್ತ ಕಂಡರೆ ಮೊದಲು ನೆನಪಾಗುವುದು ಅದೇ. ಖಾರ ಬಿಡುವುದು, ಮಜ್ಜಿಗೆ ಕುಡಿಯುವುದು, ಗುರುತಿನವರು ಹೇಳಿದ ಔಷಧಿ, ಹೀಗೆ ತಿಂಗಳುಗಳು ಕಳೆಯುತ್ತವೆ. ಹಲವರಿಗೆ ಇರುವುದು ನಿಜವಾಗಿ ಮೂಲವ್ಯಾಧಿಯೇ. ಆದರೆ ಅದೂ ಗುದನಾಳದ ಗಂಟೂ ಒಬ್ಬರಲ್ಲೇ ಇರಬಹುದು, ಬೆರಳಿನಿಂದ ಪರೀಕ್ಷಿಸದೆ ಗೊತ್ತಾಗದು; ಆ ಪರೀಕ್ಷೆಗೆ ನಾಚುವವರೇ ಹೆಚ್ಚು. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಊಟ ಅಪಾಯ ತಗ್ಗಿಸುವುದುಂಟು. ನಾರಿನಂಶ ಕಾಪಾಡುತ್ತದೆಂಬ ವಾದವನ್ನು ಆಫ್ರಿಕಾದ ಅನುಭವದಿಂದ ಡೆನಿಸ್ ಬರ್ಕಿಟ್ 1971ರಲ್ಲಿ ಮುಂದಿಟ್ಟಿದ್ದರು. ಆದರೆ ರೊಟ್ಟಿ ಉಂಡವರಿಗೆ ತಪಾಸಣೆ ಬೇಡವೆಂದಲ್ಲ. ತಂಬಾಕು, ಸಾರಾಯಿ, ವಂಶದ ಇತಿಹಾಸ ಆ ರಕ್ಷೆಯನ್ನು ಮೀರುತ್ತವೆ.

ಕೊಲೊನೊಸ್ಕೋಪಿ ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ಸೇವೆಯಲ್ಲ. ಬೈಲಹೊಂಗಲದವರು ಬೆಳಗಾವಿಯ ಕೆಎಲ್ಇ ಆಸ್ಪತ್ರೆಯನ್ನು, ಸವದತ್ತಿಯವರು ಧಾರವಾಡವನ್ನು, ಹೆದ್ದಾರಿಯ ಕಿತ್ತೂರಿನವರು ಎರಡರಲ್ಲೊಂದನ್ನು ಹಿಡಿಯಬೇಕು. ರಾಮದುರ್ಗಕ್ಕೆ ಎಲ್ಲವೂ ದೂರ. ಕ್ಯಾನ್ಸರೆಂದು ತಿಳಿದ ಮೇಲೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹಳೆಯ ಆಸರೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದು ಬಡವರ ಚಿಕಿತ್ಸೆಯ ಹೊರೆ ಇಳಿಸಿದವು. ಆದರೆ ಅವು ನೆರವಾಗುವುದು ರೋಗ ಗೊತ್ತಾದ ಮೇಲೆ.

ತಪಾಸಣೆ ಶುರುಮಾಡುವ ವಯಸ್ಸು ಅಮೆರಿಕದ ಸಲಹೆಯಲ್ಲಿ 2021ರಿಂದ 45ಕ್ಕೆ ಇಳಿದಿದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿದ್ದರೆ 40ಕ್ಕೇ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಶುರುಮಾಡುವುದು ರೂಢಿ. ಫಿಟ್ ವರ್ಷಕ್ಕೊಮ್ಮೆ, ಕೊಲೊನೊಸ್ಕೋಪಿ ಸರಿಯಿದ್ದರೆ ಹತ್ತು ವರ್ಷಕ್ಕೊಮ್ಮೆ. ಫಿಟ್‌ನಲ್ಲಿ ರಕ್ತ ಕಂಡವರು ಕೊಲೊನೊಸ್ಕೋಪಿ ಮಾಡಿಸಲೇಬೇಕು. ರಕ್ತ ಬೀಳುವವರು, ಕಾರಣವಿಲ್ಲದೆ ತೂಕ ಇಳಿದವರು, ಮಲದ ರೀತಿ ವಾರಗಟ್ಟಲೆ ಬದಲಾದವರು ತಪಾಸಣೆಯ ಸರದಿ ಕಾಯದೆ ನೇರ ವೈದ್ಯರ ಬಳಿ ಹೋಗತಕ್ಕದ್ದು.