ಬಿಸಿನೀರಿನ ಬುಗ್ಗಿಗೆ ಹೋಗಲಿಕ್ಕೆ ಪರವಾನಗಿ ಚೀಟಿ

ಜಪಾನ್ ಅಂದಕೂಡ್ಲೇ ಟಿವಿಯೊಳಗ ಬಿಸಿನೀರಿನ ಬುಗ್ಗಿ ತೋರಸ್ತಾರ, ನೋಡಿರಬೇಕು ನೀವು. ಸುತ್ತ ಹಿಮ, ನಡುವ ಹಬಿ ಆಡೋ ನೀರು, ಅದರಾಗ ಆರಾಮ ಕೂತ ಹೆಣ್ಮಕ್ಕಳು. ಅದಕ್ಕ ಅವರು ‘ಓನ್ಸೆನ್’ ಅಂತಾರ. ಹಂಗ ಆರಾಮ ಕೂಡೋದು ಆ ಹೆಣ್ಮಕ್ಕಳಿಗೆ ಸುಮ್ನ ಸಿಕ್ಕದ್ದಲ್ಲ.

1603ರಿಂದ 1868ರ ತನಕ ಅಲ್ಲೆ ಟೊಕುಗಾವ ಮನೆತನದ ಆಳ್ವಿಕೆ ಇತ್ತು. ಅವರ ಊರು ಎಡೊ, ಅಂದ್ರ ಈಗಿನ ಟೋಕಿಯೋ. ಪ್ರಾಂತ್ಯದ ಸರದಾರರು ಒಂದು ವರ್ಷ ಎಡೊದಾಗ, ಒಂದು ವರ್ಷ ತಮ್ಮೂರಾಗ ಇರಬೇಕು ಅಂತ 1635ರಾಗ ಕಟ್ಟಳೆ ಆತು. ಅವರ ಹೆಂಡ್ತಿ ಮಕ್ಕಳು ಮಾತ್ರ ಯಾವಾಗ್ಲೂ ಎಡೊದಾಗೇ ಇರಬೇಕು, ಒತ್ತೆ ಇಟ್ಟಂಗ. ಅವರು ತಪ್ಪಿಸಿಕೊಂಡು ಹೋದ್ರ ಸರದಾರ ತಿರುಗಿ ಬೀಳ್ತಾನ ಅನ್ನೋ ಅಂಜಿಕಿ. ಅದಕ್ಕ ಹೆದ್ದಾರಿಗೆಲ್ಲಾ ನಾಕಾ ಹಾಕಿದ್ರು. ಒಳಗ ಬರೋ ಬಂದೂಕು, ಹೊರಗ ಹೋಗೋ ಹೆಣ್ಣು, ಇವೆರಡರ ಮ್ಯಾಲ ಕಣ್ಣು.

ಹಕೋನೆ ಅನ್ನೋ ಊರಾಗ ಬಿಸಿನೀರೂ ಇತ್ತು, ನಾಕಾನೂ ಇತ್ತು. ಅಲ್ಲೆ ಹೆಣ್ಮಕ್ಕಳನ್ನ ತಪಾಸಣಿ ಮಾಡಲಿಕ್ಕೆ ಹೆಂಗಸರನ್ನೇ ಇಟ್ಟಿದ್ರು. ತುರುಬು ಬಿಚ್ಚಿಸಿ, ಕೂದಲು ಚೀಟಿಯೊಳಗ ಬರದಂಗ ಅದನೋ ಇಲ್ಲೋ ಅಂತ ನೋಡತಿದ್ರು. 1681ರಾಗ ಇನೊವೆ ತ್ಸೂಜೊ ಅನ್ನೋ ಕವಯಿತ್ರಿಯನ್ನ ಅರಾಯ್ ನಾಕಾದಾಗ ತಡದ್ರು. ಚೀಟಿಯೊಳಗ ‘ಹೆಂಗಸು’ ಅಂತಿತ್ತು, ಆಕಿ ಉಟ್ಟದ್ದು ಮದುವಿ ಆಗದ ಹುಡುಗಿಯರ ಉಡುಪು. ಅಷ್ಟಕ್ಕ ಒಸಾಕಾಕ್ಕ ಆಳು ಕಳಿಸಿ, ಹೊಸಾ ಚೀಟಿ ಬರೋತನಕ ಹಾದ್ಯಾಗ ಕಾಯಬೇಕಾತು.

ಸಾದಾ ಮಂದಿಗೆ ಊರು ಬಿಡಲಿಕ್ಕೆ ಮುಖ್ಯವಾಗಿ ಎರಡು ನೆವ ನಡೀತಿದ್ದವು. ಒಂದು ಇಸೆ ದೇವಸ್ಥಾನದ ಯಾತ್ರಾ, ಇನ್ನೊಂದು ಬ್ಯಾನಿಗೆ ಬಿಸಿನೀರಿನ ಉಪಚಾರ. ಈ ಉಪಚಾರಕ್ಕ ‘ತೋಜಿ’ ಅಂತಾರ. ಏಳು ದಿನಕ್ಕ ಒಂದು ಸುತ್ತು, ಮೂರು ಸುತ್ತು ಹಾಕಿದ್ರ ಛಲೋ ಅನ್ನೋ ನಂಬಿಕಿ. ಹೊಲದ ಕೆಲಸ ಮುಗಿಸಿದ ರೈತರು ಅಕ್ಕಿ, ಮಿಸೊ ಕಟಿಗೊಂಡು ಹೋಗಿ, ಇಳಕೊಂಡಲ್ಲೇ ಅಡಿಗಿ ಮಾಡಿಕೊಳ್ತಿದ್ರು. ಊರು ಬಿಟ್ರೂ ಒಲಿ ಬಿಡಲಿಲ್ಲ ನೋಡ್ರಿ!

1869ರಾಗ ನಾಕಾ ಎಲ್ಲಾ ತಗದ್ರು. 1872ರಾಗ ಟೋಕಿಯೋ–ಯೋಕೊಹಾಮಾ ನಡುವ ಮೊದಲನೇ ರೈಲು ಓಡ್ತು. ರೈಲು ಬಂದಂಗೆಲ್ಲಾ ವಾರಗಟ್ಲೆ ಇರೋ ಉಪಚಾರ ಹೋಗಿ, ಒಂದೆರಡು ರಾತ್ರಿಯ ಪ್ರವಾಸ ಬಂತು. 1928ರಾಗ ಬೆಪ್ಪು ಅನ್ನೋ ಬುಗ್ಗಿಯ ಊರಾಗ, ಬಸ್ಸಿನೊಳಗ ನಿಂತು ಊರು ತೋರಸಲಿಕ್ಕೆ ಹುಡುಗಿಯರನ್ನೇ ಇಟಗೊಂಡ್ರು. ಯುದ್ಧದ ನಂತರ ಮಾತ್ರ ಬುಗ್ಗಿಗೆ ಹೆಚ್ಚಾಗಿ ಬಂದವರು ಕಂಪನಿಗಳ ಗಂಡಸರ ಗುಂಪು, ಕುಡಿಯೋದು, ಕುಣಿಯೋದು. 1970ರಾಗ ಸರಕಾರಿ ರೈಲ್ವೆ ‘ಡಿಸ್ಕವರ್ ಜಪಾನ್’ ಅಂತ ಜಾಹೀರಾತು ಮಾಡಿ ತರುಣಿಯರನ್ನ ಕರೀತು. ‘ಆನ್ ಆನ್’, ‘ನಾನ್-ನೋ’ ಪತ್ರಿಕಾ ಕೈಯಾಗ ಹಿಡದು ಹುಡುಗಿಯರು ಗೆಳತ್ಯಾರ ಜೋಡಿ ಊರೂರು ತಿರುಗಿದ್ರು. ಯಾವ ಚೀಟಿನೂ ಇಲ್ಲ, ಬ್ಯಾನಿಯ ನೆವನೂ ಇಲ್ಲ.

ಒಂದು ಮಾತು ಮಾತ್ರ ಮನಸಿನ್ಯಾಗ ಉಳೀತು. ಆ ವಸತಿಗೃಹದಾಗ ಊಟ ಬಡಿಸಿ, ಹಾಸಿಗಿ ಹಾಸೋರು ಹೆಚ್ಚಾಗಿ ಹೆಣ್ಮಕ್ಕಳೇ. ಒಬ್ಬಾಕಿ ಆರಾಮ ಕೂಡಬೇಕಂದ್ರ ಇನ್ನೊಬ್ಬಾಕಿ ನಿಂತಿರಬೇಕು. ಮುಂದ ಎಲ್ಯಾರ ಪ್ರವಾಸ ಹೊಂಟಾಗ, ಬಡಿಸೋ ಆಕಿಗೆ ‘ನಿಂದು ಊಟ ಆತೇನವಾ’ ಅಂತ ಒಂದು ಮಾತು ಕೇಳ್ರಿ.